ಮಡಿ ಸೀರೆ ಮತ್ತು ರಬ್ಬರ್ ಚಡ್ಡಿ

ಕಳೆದ ತಿಂಗಳು ನನ್ನ ಮಗಳು ತನ್ನ ಮೊಮ್ಮಗನನ್ನು ತೋರಿಸಲು ಬಂದಾಗ ಜೊತೆಗೆ ದಿಂಬಿನಷ್ಟು ದೊಡ್ಡದೊಂದು ಪೊಟ್ಟಣ ತಂದಿದ್ದಳು. ಅದರ ತುಂಬ ಕೂಸಿನ ಡೈಪರುಗಳು. ಒಳಗೆ ಗಾಳಿ ಆಡುತ್ತದೆ, ಅರಳೆಯಷ್ಟು ಮೆತ್ತಗಿದೆ ಎಂದೆಲ್ಲ ಮೇಲೆ ಬರೆದಿದ್ದರು. ಬರೆಯುವವರಿಗೇನು, ಅವರು ತೊಟ್ಟು ನೋಡಿದ್ದಾರೆಯೇ? ನಾನು ಒಂದನ್ನು ಬಿಡಿಸಿ, ತುಟಿಗೆ ಒತ್ತಿಕೊಂಡು, ಆಚೆ ಬದಿಗೆ ಅಂಗೈ ಹಿಡಿದು ಜೋರಾಗಿ ಊದಿದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು.

"ಅವ್ವಾ, ಅದು ಪುಗ್ಗಾ ಅಲ್ಲ" ಎಂದಳು ಮಗಳು.

ನಗಲಿ. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ, ಹಾನಗಲ್ಲಿನ ನಮ್ಮ ಮನೆಯಲ್ಲಿ, ಅವಳ ಎಳೆಯ ಕುಂಡೆಯ ಮೇಲೆ ನಾನು ಮಾಡಿದ ಪ್ರಯೋಗ ಅವಳಿಗೆ ನೆನಪಿಲ್ಲ. ನನಗಿದೆ.

ಊದಿ ನೋಡುವ ಈ ಪರೀಕ್ಷೆ ನನ್ನ ಅವ್ವನದು. ಅಪ್ಪ ಯಲವಿಗಿ ಸ್ಟೇಷನ್ನಿನಲ್ಲಿ ನೌಕರಿ ಮಾಡುತ್ತಿದ್ದರು. ನಾನು ಬೆಳೆದದ್ದು ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ. ಚೊಚ್ಚಲ ಬಾಣಂತನಕ್ಕೆ ಬಂದದ್ದೂ ಅಲ್ಲಿಗೇ. ಎಳೆಗೂಸಿಗೆ ಹೊಸ ಅರಿವೆ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ಉಟ್ಟು, ಒಗೆದು, ಬಿಸಿಲಿಗೆ ಒಣಗಿ, ಮತ್ತೆ ಉಟ್ಟು ಸವೆದ ಅರಿವೆಯೇ ಬೇಕು. ನನಗೆ ಏಳು ತಿಂಗಳು ತುಂಬಿದಾಗಿನಿಂದ ಅವ್ವ ಹಳೆಯ ಧೋತರ, ಸೀರೆಗಳನ್ನು ಕೂಡಿಹಾಕಿ ಒಂದೊಂದನ್ನೂ ಪರೀಕ್ಷೆಗೆ ಕೂರಿಸಿದಳು. ಮೊದಲು ತುಟಿಗೆ ಹಿಡಿದು ಊದುವುದು. ಆಚೆ ಬದಿಯ ಅಂಗೈಗೆ ಉಸಿರು ತಾಗಬೇಕು. ಆಮೇಲೆ ಮುಚ್ಚಿದ ಕಣ್ಣಿನ ರೆಪ್ಪೆಯ ಮೇಲೆ ಎಳೆಯುವುದು, ಚುಚ್ಚಬಾರದು. ಇವೆರಡರಲ್ಲೂ ಪಾಸಾದದ್ದನ್ನು ನೀರಲ್ಲಿ ಅದ್ದಿ, ತನ್ನ ತೋಳಿಗೆ ಸುತ್ತಿ ಕಟ್ಟಿಕೊಂಡು ಭಕ್ಕರಿ ಬಡಿಯಲು ಕೂರುತ್ತಿದ್ದಳು. ಎದ್ದ ಮೇಲೆ ಬಿಚ್ಚಿ ನೋಡಿದರೆ ತೋಳು ತಣ್ಣಗಿರಬೇಕು, ಕೆಂಪಾಗಿರಬಾರದು. ಅವ್ವನ ತೋಳಿಗೆ ದಿನಾ ಕಟ್ಟು ಕಂಡ ರೈಲ್ವೆ ಗೇಟಿನವನ ಹೆಂಡತಿ, ಪಾಪ, ಗಾಯವಾಗಿದೆ ಎಂದು ತಿಳಿದು ಮುಷ್ಟಿ ಅರಿಷಿಣ ತಂದುಕೊಟ್ಟಿದ್ದಳು.

ಅಂಥ ಪರೀಕ್ಷೆ ಗೆದ್ದ ಮೂವತ್ತು ಲಂಗೋಟಿಗಳನ್ನು ಗಂಟು ಕಟ್ಟಿಕೊಂಡು, ಐದು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಸವಣೂರು, ಬಂಕಾಪುರದ ಮೇಲೆ ಬಸ್ಸು ಬದಲಿಸುತ್ತ ನಾನು ಹಾನಗಲ್ಲಿಗೆ ಬಂದೆ. ನಮ್ಮವರು ಅಲ್ಲಿ ಶಾಲೆಯ ಮಾಸ್ತರರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ.

ಅತ್ತೆಯ ಮಡಿಯ ಬಗ್ಗೆ ಹೇಳಲೇಬೇಕು. ಅವರು ಗಂಡ ತೀರಿಕೊಂಡ ಮೇಲೆ ಮಡಿಯನ್ನೇ ಸಂಸಾರ ಮಾಡಿಕೊಂಡವರು. ಬೆಳಕು ಹರಿಯುವ ಮೊದಲು ಬಾವಿಯ ನೀರು ಸೇದಿ ತಣ್ಣೀರು ಸ್ನಾನ ಮಾಡಿ, ಕೋಲಿನಿಂದ ಗಳದ ಮೇಲೆ ಹರವಿದ್ದ ಸೀರೆಯನ್ನು ಕೋಲಿನಿಂದಲೇ ಇಳಿಸಿ ಉಟ್ಟರೆಂದರೆ, ಆಮೇಲೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಒಲೆ, ದೇವರು, ಅಡುಗೆಯ ಪಾತ್ರೆ ಎಲ್ಲ ಅವರದು. ನಮಗೆ ಅಡುಗೆಮನೆಯ ಹೊಸ್ತಿಲೇ ಗಡಿ. ಮಡಿ ಬಿಡುವುದು ದೀಪ ಹಚ್ಚಿ, ಫಲಾಹಾರ ಮುಗಿಸಿ ಮಲಗುವ ಹೊತ್ತಿಗೆ. ಅಷ್ಟರಲ್ಲಿ ಕೂಸು ಮಲಗಿ ಎಷ್ಟೋ ಹೊತ್ತಾಗಿರುತ್ತಿತ್ತು.

ನನ್ನ ತವರುಮನೆಯೂ ವೈಷ್ಣವರದೇ. ಆದರೆ ಯಲವಿಗಿಯ ಕ್ವಾರ್ಟರ್ಸಿನಲ್ಲಿ ಹಿರಿಯರು ಯಾರೂ ಇರಲಿಲ್ಲ. ಅಪ್ಪನ ಡ್ಯೂಟಿಯ ಹೊತ್ತಿಗೆ ಡಬ್ಬಿ ತುಂಬಿದರೆ ಅವ್ವನ ಮಡಿ ಮುಗಿಯಿತು. ಹೀಗಾಗಿ ಮಡಿಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ: ದೂರ ನಿಲ್ಲಬೇಕು. ಅದರ ಒಳಗಿನ ಸಂದುಗೊಂದು ನನಗೆ ತಿಳಿಯದು. ತಿಳಿಯದು ಎಂದು ಹೇಳಿಕೊಳ್ಳಲು ನಾಚಿಕೆ.

ಮೊದಲ ದಿನ ಅತ್ತೆ ತೊಟ್ಟಿಲಿನಿಂದ ಎರಡು ಮಾರು ದೂರ ನಿಂತು ಕೂಸನ್ನು ನೋಡಿದರು. ಮೊಣಕಾಲ ನೋವಿನಿಂದ ಅವರಿಗೆ ಹೆಸರಿಡುವ ದಿನ ಯಲವಿಗಿಗೆ ಬರಲಾಗಿರಲಿಲ್ಲ. ಮೊಮ್ಮಗಳ ಮುಖ ಕಂಡದ್ದು ಅದೇ ಮೊದಲು. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು. ಕೂಸು ಅವರನ್ನು ನೋಡಿ ನಕ್ಕಿತು. ಅವರ ಮುಖ ಅರಳಿತು, ಒಂದು ಹೆಜ್ಜೆ ಮುಂದೆ ಬಂದರು. ಕೂಸು ಒದ್ದೆ ಮಾಡೀತೆಂದು ಹಿಂಜರಿಯುತ್ತಿದ್ದಾರೆ ಎಂದು ನನ್ನ ಬುದ್ಧಿವಂತ ತಲೆಗೆ ಹೊಳೆಯಿತು.

"ಹಸಿ ಆಗೂದಿಲ್ರಿ ಅತ್ತೀ. ಎರಡ ಲಂಗೋಟಿ ಬಿಗದ ಕಟ್ಟೇನ್ರಿ" ಎಂದೆ.

ಅವರ ಮುಖ ಥಟ್ಟನೆ ಮುದುಡಿತು. "ಹೌದಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಎರಡು ಸಾಲದು ಎಂದುಕೊಂಡೆ. ಮರುದಿನ ಮೂರು ಕಟ್ಟಿದೆ. ಅದರ ಮೇಲೊಂದು ಅಂಗಿ, ಅಂಗಿಯ ಮೇಲೆ ದುಪ್ಪಟಿ. ಚೈತ್ರದ ಆ ಸೆಕೆಯಲ್ಲಿ ಕೂಸನ್ನು ಕಟ್ಟಿಗೆಯ ಹೊರೆಯ ಹಾಗೆ ಬಿಗಿದು ಅತ್ತೆಯ ಕಣ್ಣಿಗೆ ಬೀಳುವಂತೆ ಪಡಸಾಲೆಯಲ್ಲಿ ಮಲಗಿಸುತ್ತಿದ್ದೆ. ಅವರು ಬಂದು, ದೂರದಿಂದ ನೋಡಿ, ತಿರುಗಿ ಹೋಗುತ್ತಿದ್ದರು. ವಾರ ಕಳೆಯಿತು, ಹದಿನೈದು ದಿನ ಕಳೆಯಿತು. ನನ್ನ ಮಗಳನ್ನು ಅವಳ ಸ್ವಂತ ಅಜ್ಜಿ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಹೆಣ್ಣು ಕೂಸೆಂದು ಹೀಗೆ ಮಾಡುತ್ತಿದ್ದಾರೆಯೇ, ನಾನು ಹಿಡಿಸಲಿಲ್ಲವೇ ಎಂದು ಹಿತ್ತಲಿನಲ್ಲಿ ಲಂಗೋಟಿ ಹಿಂಡುತ್ತ ಅಳುತ್ತಿದ್ದೆ. ಅತ್ತೆ ಒಂದು ಸಲ, ಒಂದೇ ಒಂದು ಸಲ, ನನ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಕಡೆಗೆ ನಮ್ಮವರ ಹತ್ತಿರ ಬಾಯಿ ಬಿಟ್ಟೆ. "ಎಷ್ಟ ಕಟ್ಟಿದ್ರೂ ಹಸಿ ಹೊರಗ ಬರತದ್ರಿ. ಅದಕ್ಕ ಅತ್ತಿ ಕೂಸಿನ್ನ ಮುಟ್ಟವಲ್ಲರು."

ಅವರು ಮುಂದಿನ ಶನಿವಾರ ಶಾಲೆಯ ನಕಾಶೆಗಳನ್ನು ತರಲು ಹುಬ್ಬಳ್ಳಿಗೆ ಹೋದವರು, ಬರುವಾಗ ನಕಾಶೆಯ ಸುರುಳಿಯೊಳಗೆ ಅಡಗಿಸಿ ಒಂದು ಪುಟ್ಟ ಕಾಗದದ ಚೀಲ ತಂದರು. ಒಳಗೆ ಗುಲಾಬಿ ಬಣ್ಣದ ರಬ್ಬರ್ ಚಡ್ಡಿ. ಸೊಂಟಕ್ಕೂ ತೊಡೆಗೂ ಇಲಾಸ್ಟಿಕ್ಕು, ಅದರ ಸುತ್ತ ನಿರಿಗೆ ನಿರಿಗೆಯ ಝಾಲರು.

"ಲಂಗೋಟಿ ಮ್ಯಾಲೆ ಇದನ್ನ ತೊಡಸೂದಂತ. ಒಂದು ಹನಿ ಹೊರಗ ಬರೂದಿಲ್ಲಂತ. ಅಂಗಡಿಯಾಂವ ಅದರಾಗ ನೀರು ತುಂಬಿ ತೋರಿಸಿದ" ಎಂದರು, ತಾವೇ ಅದನ್ನು ಕಂಡುಹಿಡಿದವರ ಗತ್ತಿನಲ್ಲಿ.

ಅವರು ಆಚೆ ಹೋದ ಮೇಲೆ ನಾನು ಅದನ್ನು ತುಟಿಗೆ ಹಿಡಿದು ಊದಿದೆ. ಉಸಿರು ಆಚೆ ಹೋಗಲಿಲ್ಲ. ರಬ್ಬರಿನ ವಾಸನೆಯೊಂದಿಗೆ ಬಿಸಿಯಾಗಿ ನನ್ನ ಮುಖಕ್ಕೇ ವಾಪಸು ಬಂತು. ಅವ್ವನ ಮೊದಲ ಪರೀಕ್ಷೆಯಲ್ಲೇ ನಪಾಸು. ಇದನ್ನು ಬರೆಯಲು ಈಗಲೂ ನನಗೆ ನಾಚಿಕೆಯಾಗುತ್ತದೆ. ಗೊತ್ತಿಲ್ಲದೆ ತೊಡಿಸಿದೆ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ. ಪರೀಕ್ಷೆ ಮಾಡಿದೆ, ಫಲಿತಾಂಶ ಕಂಡೆ, ಆದರೂ ತೊಡಿಸಿದೆ. ಅತ್ತೆ ನೋಡಲು ಬರುವ ಒಂದು ಗಳಿಗೆಗೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಯಾವ ಗಳಿಗೆಯಲ್ಲಿ ಬರುತ್ತಾರೋ ಯಾರಿಗೆ ಗೊತ್ತು? ಹೀಗಾಗಿ ಮುಂಜಾನೆಯಿಂದ ಸಂಜೆಯವರೆಗೆ ಅದು ಕೂಸಿನ ಮೈಮೇಲೆಯೇ ಉಳಿಯಿತು. ಹೊರಗೆ ಎಲ್ಲ ಒಣಗಿಕೊಂಡಿರುತ್ತಿತ್ತು, ಅಂದವಾಗಿರುತ್ತಿತ್ತು. ಕೂಸು ಮಾತ್ರ ದಿನದಿನಕ್ಕೆ ಹೆಚ್ಚು ಕಿರಿಕಿರಿ ಮಾಡತೊಡಗಿತು. ತೊಡೆಯ ಸಂದು ಕೊಂಚ ಕೆಂಪಾದದ್ದು ಕಂಡರೂ ಸೆಕೆಗೆ ಎಂದುಕೊಂಡೆ.

ಕೂಸಿಗೆ ಎರೆಯಲು ದಿನಾ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಊರ ಹೊರಗಿನ ಒಕ್ಕಲುತನದ ಮನೆಯವಳು. ಓಣಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಎರೆಸಿಕೊಂಡವರೇ. ಚಡ್ಡಿ ಬಂದ ಮರುದಿನವೇ ಅವಳು ಅಮಾವಾಸ್ಯೆಗೆಂದು ನಾಲ್ಕು ದಿನ ತನ್ನ ತವರು ತಡಸಕ್ಕೆ ಹೋಗಿದ್ದಳು, ಆ ದಿನಗಳಲ್ಲಿ ನಾನೇ ಅವಸರವಸರವಾಗಿ ಎರಡು ತಂಬಿಗೆ ನೀರು ಹಾಕಿ ಮುಗಿಸಿದ್ದೆ. ಐದನೆಯ ದಿನ ಅವಳು ಬಂದು, ಹಿತ್ತಲ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಕೂಸಿನ ಚಡ್ಡಿ ಎಳೆದಳು. ಒಳಗಿನ ಲಂಗೋಟಿಯಿಂದ ಹಬೆ ಎದ್ದಂತಾಯಿತು. ಲಂಗೋಟಿ ಬಿಚ್ಚಿದೊಡನೆ ಅವಳ ಕೈ ನಿಂತಿತು.

"ಅಯ್ಯ ಶಿವನ! ಏನ್ ಮಾಡಾಕತ್ತೀರಿ ಅಕ್ಕಾರ? ಕೂಸನ್ನ ಬೇಯಿಸಿಬಿಟ್ಟೀರಲ್ಲರಿ!"

ತೊಡೆಯ ಸಂದು, ಕುಂಡೆ ಎಲ್ಲ ಕೆಂಪಗೆ ಹಸಿಹಸಿಯಾಗಿತ್ತು. ಎರಡು ಕಡೆ ತೊಗಲು ಸುಲಿದಿತ್ತು. ಬಿಸಿನೀರು ತಾಗಿದ್ದೇ ತಡ ಕೂಸು ಕಿರುಚಿದ್ದು ಮೂರು ಮನೆಗೆ ಕೇಳಿಸಿರಬೇಕು. ತಲೆ ಎತ್ತಿದರೆ ಅಡುಗೆಮನೆಯ ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೂಸನ್ನು ನೋಡಿದರು, ನೆಲಕ್ಕೆ ಬಿದ್ದಿದ್ದ ಗುಲಾಬಿ ಚಡ್ಡಿಯನ್ನು ನೋಡಿದರು.

"ಅದನ್ನ ತೊಳದು, ಆ ನೀರಿನ ಬಕೀಟಿನ್ಯಾಗ ಒಗಿ" ಎಂದರು.

ಎಸೆದೆ. ನೀರಲ್ಲಿ ಮುಳುಗಿದ್ದಕ್ಕೆ ಮೈಲಿಗೆಯಿಲ್ಲ ಎಂಬುದು ಅವರ ಲೆಕ್ಕ. ಅವರು ಅದನ್ನು ನೀರಿನಿಂದ ಎತ್ತಿ, ತಿರುಗಿಸಿ ಮುರುಗಿಸಿ ನೋಡಿ, ಎಡಗೈಯ ಮುಷ್ಟಿಗೆ ಒಂದು ಒದ್ದೆ ಚಿಂದಿ ಸುತ್ತಿಕೊಂಡು, ಅದರ ಮೇಲೆ ಚಡ್ಡಿಯನ್ನು ತೊಡಿಸಿ, ಸಡಿಲವಾದ ಇಲಾಸ್ಟಿಕ್ಕನ್ನು ಮಣಿಕಟ್ಟಿಗೆ ದಾರದಿಂದ ಬಿಗಿದುಕೊಂಡು ಒಳಗೆ ಹೋದರು.

ಆ ಮುಂಜಾನೆ ಅತ್ತೆ ಒಂದೇ ಕೈಯಲ್ಲಿ ಅಡುಗೆ ಮಾಡಿದರು. ಬಲಗೈಯಿಂದ ಸಾರು ತಿರುವುವುದು, ಬಲಗೈಯಿಂದ ಕಟ್ಟಿಗೆ ಮುಂದೆ ಸರಿಸುವುದು. ಎಡಗೈ ಮಾತ್ರ ಝಾಲರಿನ ಗುಲಾಬಿ ಬೊಂಬೆಯ ಹಾಗೆ ಮಡಿ ಸೀರೆಯ ಪಕ್ಕದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಬೇರೆ ದಿನವಾಗಿದ್ದರೆ ನಗು ತಡೆಯುವುದು ಕಷ್ಟವಿತ್ತು. ಅಂದು ನಾನು ಹೊಸ್ತಿಲ ಈಚೆ, ಕೊಬ್ಬರಿ ಎಣ್ಣೆ ಸವರಿದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಅವರು ನನ್ನನ್ನು ಅಣಕಿಸುತ್ತಿದ್ದಾರೆ ಎಂದೇ ತಿಳಿದಿದ್ದೆ. ಎರೆಯುವವಳೂ ಹೋಗದೆ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು.

ಸಾರಿಗೆ ಒಗ್ಗರಣೆ ಬಿದ್ದು, ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಿದ ಮೇಲೆ ಅತ್ತೆ ಹೊಸ್ತಿಲ ಹತ್ತಿರ ಬಂದು ಕೂತರು. ದಾರ ಬಿಚ್ಚಿ ಚಡ್ಡಿಯನ್ನು ಎಳೆದರು. ಚಿಂದಿಯನ್ನೂ ಬಿಚ್ಚಿ ಕೈಯನ್ನು ನನ್ನ ಮುಂದೆ ಹಿಡಿದರು. ಅಂಗೈ ಬೆಳ್ಳಗೆ ಬಿಳಚಿ ನಿರಿಗೆ ನಿರಿಗೆಯಾಗಿತ್ತು. ಮಣಿಕಟ್ಟಿನ ಸುತ್ತ ಕೆಂಪು ಬರೆ ಎದ್ದಿತ್ತು.

"ನೋಡು. ನಂದು ಬಿಸಿಪಾತ್ರಿ ಹಿಡದು ಹಿಡದು ದಡ್ಡುಗಟ್ಟಿದ ಮುದಿ ತೊಗಲು. ಇಷ್ಟೊತ್ತಿನ್ಯಾಗ ಹಿಂಗಾತು. ಅದರದ್ದು ಎಳೀ ಮೈ. ಏನಾಗಿರಬೇಕು ಅದಕ್ಕ?"

ನಾನು ಕೂಸಿನ ತೊಡೆಗೆ ಮತ್ತಷ್ಟು ಎಣ್ಣೆ ಸವರಿದೆ.

"ಓದಿದಾಕಿ ಇದ್ದಿ. ತಿಳುವಳಿಕಿ ಇದ್ದಾಕಿ ಇದ್ದಿ. ಈ ಬ್ಯಾಸಗ್ಯಾಗ ಇದನ್ನ ಯಾಕ ತೊಡಸಿದಿ? ಖರೇ ಹೇಳು."

ಅಷ್ಟು ದಿನ ಹಿತ್ತಲಿನಲ್ಲಿ ಹಿಂಡಿಕೊಂಡಿದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ನಿಮ್ಮ ಸಲುವಾಗೇರಿ ಅತ್ತೀ. ಹಸಿ ಆದ್ರ ನಿಮ್ಮ ಮಡಿ ಕೆಡತದ ಅಂತ, ಅದಕ್ಕ ನೀವು ಕೂಸಿನ್ನ ಮುಟ್ಟವಲ್ಲಿರಿ ಅಂತ... ಒಂದು ಹನೀನೂ ಹೊರಗ ಬರಲಿಲ್ಲಂದ್ರ ಎತಿಗೋತೀರಿ ಅಂತ ತೊಡಸಿದೆರಿ" ಎಂದು ಬಿಕ್ಕಿದೆ.

ಅತ್ತೆ ನನ್ನನ್ನೇ ನೋಡಿದರು.

"ಮಡಿ ಹಸಿಯಿಂದ ಕೆಡೂದಿಲ್ಲ. ಅರಿವಿಯಿಂದ ಕೆಡತದ" ಎಂದರು ಮೆಲ್ಲಗೆ. "ಬತ್ತಲೆ ಕೂಸಿಗೆ ಎಲ್ಲೀ ಮೈಲಿಗಿ? ಕೂಸಿಗಿಲ್ಲ, ಅದರ ಮೈಮ್ಯಾಲಿನ ಅರಿವಿಗದ. ಅರಿವಿ ಬಿಚ್ಚಿ ಕೆಳಗ ಬಿಟ್ಟರ ದೇವರ ಪೂಜಿ ಮಾಡೂ ಮುಂದನೂ ಎತಿಗೋಬಹುದು. ಎಲ್ಲಾರ ಮನ್ಯಾಗೂ ಇದ ರೂಢಿ. ನಿಮ್ಮವ್ವ ಹೇಳಲಿಲ್ಲೇನು ನಿನಗ?"

"ನಮ್ಮ ಮನ್ಯಾಗ ಮಡಿಯವರು ಯಾರೂ ಇದ್ದಿಲ್ಲರಿ."

ಆಗ ಅವರ ತುಟಿ ಅದುರಿದ್ದನ್ನು ನಾನು ಮೊದಲ ಸಲ ಕಂಡೆ. "ನಾ ಏನು ತಿಳಕೊಂಡಿದ್ದೆ ಗೊತ್ತದ ಏನು? ಬಂದ ದಿನಾನ ಹೇಳಿದಿ, ಎರಡ ಬಿಗದ ಕಟ್ಟೇನಿ ಅಂತ. ಮರುದಿನ ಮೂರು. ಮ್ಯಾಲೆ ಅಂಗಿ. ಈ ಮಡಿ ಮುದಕಿ ನನ್ನ ಕೂಸಿನ್ನ ಮುಟ್ಟಬಾರದು ಅಂತ, ನನಗ ತೋರಿಸಿ ತೋರಿಸಿ ಕಟ್ಟಲಿಕ್ಕೆ ಹತ್ತ್ಯಾಳ ಅಂತ ತಿಳಕೊಂಡೆ. ಬಿಚ್ಚು ಅಂತ ಹ್ಯಾಂಗ ಕೇಳಲಿ? ಒಲ್ಲೆ ಅಂದರ?"

ನಾನು ಒಂದೊಂದು ಅರಿವೆ ಹೆಚ್ಚಿಸಿದಾಗಲೂ ಅವರನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ನೂಕಿದ್ದೆ. ಅವರು ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತದ್ದು ಮಡಿಗಾಗಿ ಎಂದು ತಿಳಿದಿದ್ದೆ. ಕೈ ತಾನಾಗಿ ಮುಂದೆ ಚಾಚೀತೆಂದು ಹಿಡಿದುಕೊಂಡು ನಿಂತಿದ್ದರಂತೆ. ನಮ್ಮಿಬ್ಬರ ಬುದ್ಧಿವಂತಿಕೆಯ ನಡುವೆ ಬೆಂದದ್ದು ಕೂಸು.

"ಇದನ್ನ ತಿಪ್ಪಿಗೆ ಒಗಿ" ಎಂದು ಅತ್ತೆ ಚಡ್ಡಿಯನ್ನು ಅಂಗಳಕ್ಕೆ ತೂರಿದರು.

ಎರೆಯುವವಳು ಅದನ್ನು ಎತ್ತಿಕೊಂಡು, ಹಿಗ್ಗಿಸಿ ನೋಡಿ, "ನನಗ ಇರಲಿ ಬಿಡ್ರಿ ಬಾಯಾರ. ಮಳಿಗಾಲದಾಗ ಹೊಲಕ್ಕ ಹೋಗುವಾಗ ನಮ್ಮ ಮನ್ಯಾಗಿನವರ ಕಡ್ಡಿಪೆಟಗಿ ತೋದ್ಹೋಗತೈತಿ. ಅದರಾಗಿಟ್ಟರ ಬೆಚ್ಚಗ ಇರತೈತಿ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಚಡ್ಡಿಗೆ ತಕ್ಕ ಕೆಲಸ ಕಂಡುಹಿಡಿದವಳು ನಮ್ಮ ಓಣಿಯಲ್ಲಿ ಅವಳೊಬ್ಬಳೇ.

"ಎರಡು ದಿನ ಕೂಸು ಅರಿವಿ ಕಾಣಬಾರದು. ಗಾಳಿಗೆ ಬಿಡಬೇಕು" ಎಂದರು ಅತ್ತೆ. ಆಮೇಲೆ, ಬೇರೆ ಏನನ್ನೋ ಕೇಳುವವರ ದನಿಯಲ್ಲಿ, "ಎಲ್ಲಾ ಬಿಚ್ಚಿ ಇಲ್ಲೆ ಮಣಿ ಮ್ಯಾಲೆ ಇಡು. ನಾ ತಗೋತೀನಿ" ಎಂದರು.

ಅಂಗಿ ಬಿಚ್ಚಿದೆ. ಕೂಸಿನ ಮೈಮೇಲೆ ಬೆಳ್ಳಿಯ ಉಡದಾರ ಮತ್ತು ದೃಷ್ಟಿಗೆಂದು ಅವ್ವ ಕೊರಳಿಗೆ ಕಟ್ಟಿದ್ದ ಕರಿ ದಾರ ಉಳಿದವು.

"ದಾರ ನೂಲಿಂದರಿ ಅತ್ತೀ. ಬಿಚ್ಚಲೇನ್ರಿ?"

ಅತ್ತೆ ದಾರವನ್ನು ನೋಡಿದರು. ದೇವರಮನೆಯ ಕಡೆ ಒಂದು ಸಲ ತಿರುಗಿ ನೋಡಿದರು. "ಇರಲಿ ಬಿಡು. ಅಷ್ಟಕ್ಕ ಅವನೂ ಕಣ್ಣ ಮುಚ್ಚಿಗೋತಾನ" ಎಂದರು.

ಮಣೆಯ ಮೇಲೆ ಕೂಸನ್ನಿಟ್ಟು ನಾನು ಹಿಂದೆ ಸರಿದೆ. ಅತ್ತೆ ಬಗ್ಗಿ, ಒಂದು ಕೈ ಕುತ್ತಿಗೆಯ ಕೆಳಗೆ, ಆ ನಿರಿಗೆಗಟ್ಟಿದ ಇನ್ನೊಂದು ಕೈ ಬೆನ್ನ ಕೆಳಗೆ ಕೊಟ್ಟು, ನೋವಾದ ಕಡೆ ತಾಗದ ಹಾಗೆ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡರು. ಕೂಸು ಅಳು ನಿಲ್ಲಿಸಿ, ಕಣ್ಣರಳಿಸಿ, ಅವರ ಮೂಗು ಹಿಡಿಯಲು ಕೈ ಚಾಚಿತು. ಅತ್ತೆ ಬಗ್ಗಿ ಅದರ ಹೊಟ್ಟೆಗೆ ಕೆನ್ನೆ ಹಚ್ಚಿಕೊಂಡು ಹಾಗೇ ಇದ್ದರು. ನನಗೆ ಆಗ ಆದಷ್ಟು ಸಂತೋಷ ಆಮೇಲೆ ಯಾವಾಗ ಆಗಿದೆಯೋ ನೆನಪಿಲ್ಲ.

ಅಷ್ಟರಲ್ಲಿ ನನ್ನ ಮಗಳು ತಾನು ಮಾಡಬೇಕಾದದ್ದನ್ನು ಮಾಡಿದಳು. ಧಾರೆ ನೇರವಾಗಿ ಅತ್ತೆಯ ಮಡಿ ಸೀರೆಯ ಮೇಲೆ. ನಾನು ಚಿಟ್ಟನೆ ಚೀರಿ, ಹತ್ತಿರವಿದ್ದ ಲಂಗೋಟಿ ಹಿಡಿದು ಎದ್ದೆ.

"ಏ, ಅರಿವಿ ತರಬ್ಯಾಡ ಇಲ್ಲೆ!" ಎಂದು ಅತ್ತೆ ಗದರಿದರು. ಅವರು ನಗುತ್ತಿದ್ದರು. ಸೀರೆಯಿಂದ ನೆಲಕ್ಕೆ ಹರಿಯುತ್ತಿತ್ತು, ಅವರು ತೊಡೆ ಅಲುಗಿಸಲಿಲ್ಲ. ಬೋಳಾದ ಆ ಎಳೆ ಮೈಗೆ ಸೆರಗಿನ ತುದಿಯಿಂದ ಗಾಳಿ ಹಾಕತೊಡಗಿದರು. ಹಾಕುತ್ತ ಹಾಕುತ್ತ ಹೋದಂತೆ ಕೂಸಿನ ಕಣ್ಣು ಮುಚ್ಚಿಕೊಂಡು ಬಂತು.

ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡದ ಕೂಸು ಅದು. ಗಾಢವಾಗಿ ಮಲಗಿಬಿಟ್ಟಿತು. ಒಳಗಿನಿಂದ ಸೀದ ವಾಸನೆ ಬರತೊಡಗಿತು.

"ಅತ್ತೀ, ಅನ್ನ ಸೀಯಲಿಕ್ಕೆ ಹತ್ತೇದರಿ" ಎಂದೆ. ನಾನು ಒಳಗೆ ಹೋಗಿ ಒಲೆಯನ್ನು ಮುಟ್ಟುವಂತಿರಲಿಲ್ಲ. ಮುಟ್ಟಬಹುದಾದವರು ಏಳುವಂತಿರಲಿಲ್ಲ.

ಅತ್ತೆ ತಲೆಯನ್ನೂ ಎತ್ತಲಿಲ್ಲ. "ಸೀಯಲಿ" ಎಂದರು.

"ಇವರು ಶಾಲಿ ಬಿಟ್ಟು ಬರೂ ಹೊತ್ತಾತ್ರಿ. ಉಣ್ಣಲಿಕ್ಕೆ..."

"ಈ ಚಡ್ಡಿ ತಂದಾಂವ ಅವನ ಹೌದಲ್ಲೋ?" ಎಂದರು ಅತ್ತೆ, ಕೂಸು ಏಳದ ಹಾಗೆ ಪಿಸುದನಿಯಲ್ಲಿ. "ಇಪ್ಪತ್ತು ದಿನ ನಾ ಹಸದೇನಿ. ಇವತ್ತೊಂದಿನ ಅವ ಸೀದದ್ದು ಉಣಲಿ."

ನಮ್ಮವರು ಬಂದರು, ಕೈಕಾಲು ತೊಳೆದು ಎಲೆಯ ಮುಂದೆ ಕೂತರು, ಯಾಕೆಂದು ಕೇಳದೆ ಸೀದ ಅನ್ನ ಉಂಡು ಎದ್ದರು.